ಪಾಳು ಬಿದ್ದ ಗದ್ದೆಯಲ್ಲಿ ಸ್ಥಳೀಯ ಹುಲ್ಲು ಮರಳಿ ಬೆಳೆಯಲು: ಕೊಡಗಿನ ಜಮೀನಿಗೆ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ನಾಟಿ ನಿಂತುಹೋದ ಗದ್ದೆಯನ್ನು ಹಕ್ಕಿ, ಚಿಟ್ಟೆ, ಮೊಲ, ಕಡವೆಗಳಿಗಾಗಿ ಹುಲ್ಲುಗಾವಲಾಗಿ ಉಳಿಸಿಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಸೋಲುವುದು ಶ್ರಮ ಸಾಲದೆ ಅಲ್ಲ, ಕೆಲಸದ ಕ್ರಮ ತಪ್ಪಿ. ಮೊದಲು ಬೆಂಕಿ ಹಾಕುತ್ತಾರೆ ಅಥವಾ ಟಿಲ್ಲರ್ ಹೊಡೆಸುತ್ತಾರೆ. ಬಳಿಕ ಎಲ್ಲಿಂದಲೋ ತರಿಸಿದ ಮೇವಿನ ಹುಲ್ಲಿನ ಬೀಜ ಎರಚುತ್ತಾರೆ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಜಾಗದಲ್ಲಿ ಕಮ್ಯುನಿಸ್ಟ್ ಗಿಡವೆಂಬ ಹೊರಗಿನ ಕಳೆ ಆಳೆತ್ತರ ನಿಂತಿರುತ್ತದೆ. ಸ್ಥಳೀಯ ಹುಲ್ಲು ಬಹುಮಟ್ಟಿಗೆ ಆ ಗದ್ದೆಯ ಬದುಗಳ ಮೇಲೆಯೇ ಉಳಿದಿರುತ್ತದೆ. ಅದಕ್ಕೆ ಬೇಕಾದುದು ಬೆಳಕು, ಕದಡದ ಮಣ್ಣು ಮತ್ತು ಸರಿಯಾದ ತಿಂಗಳಿನಲ್ಲಿ ಕೊಯ್ಲು. ಬಿತ್ತನೆಯ ಅಗತ್ಯ ಕಡೆಗೆ ಬರುತ್ತದೆ, ಎಷ್ಟೋ ಗದ್ದೆಗಳಲ್ಲಿ ಬರುವುದೇ ಇಲ್ಲ.

ಇಲ್ಲಿ ಹೇಳಿರುವ ವಿಧಾನವು ಖಾಸಗಿ ಒಡೆತನದಲ್ಲಿರುವ ಕೆಲವು ಎಕರೆಗಳ ಗದ್ದೆಗೆ ಮತ್ತು ಅದಕ್ಕೆ ತಾಗಿದ ಬಾಣೆಯ (ಗದ್ದೆಗೆ ಸೇರಿದ, ಹುಲ್ಲು–ಮರಗಳಿರುವ ಎತ್ತರದ ಜಾಗದ) ಅಂಚಿಗೆ ಹೊಂದುತ್ತದೆ. ತಡಿಯಂಡಮೋಳ್ ಅಥವಾ ಪುಷ್ಪಗಿರಿಯಂಥ ಎತ್ತರದ ಶೋಲಾ ಹುಲ್ಲುಗಾವಲಿಗೆ ಇದನ್ನು ಅನ್ವಯಿಸಬಾರದು. ಅಲ್ಲಿನ ಮಣ್ಣೂ ಹುಲ್ಲೂ ಬೇರೆ.

ಕೆಲಸಕ್ಕೆ ಮುನ್ನ: ಒಪ್ಪಿಗೆ ಮತ್ತು ಸಲಕರಣೆ

ಜಮ್ಮಾ (ವಂಶಪಾರಂಪರ್ಯ ಒಡೆತನದ) ಜಮೀನಾದರೆ ಒಕ್ಕದವರೊಂದಿಗೆ, ಎಂದರೆ ಕುಲದ ಮನೆತನದವರೊಂದಿಗೆ, ಮೊದಲೇ ಮಾತನಾಡಿಕೊಳ್ಳಬೇಕು. ಒಬ್ಬರು ಹುಲ್ಲಿಗೆಂದು ಬಿಟ್ಟ ಗದ್ದೆಯನ್ನು ಇನ್ನೊಬ್ಬರು ಮರುವರ್ಷ ಶುಂಠಿಗೆಂದು ಗುತ್ತಿಗೆ ಕೊಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಕನಿಷ್ಠ 3 ವರ್ಷ ಯಾರೂ ಉಳುವುದಿಲ್ಲ ಎಂಬ ಮಾತು ಆಗಲಿ. ಕೆಳಗಿನ ಗದ್ದೆಯವರು ಇನ್ನೂ ನಾಟಿ ಮಾಡುತ್ತಿದ್ದರೆ ಅವರಿಗೆ ಹೋಗುವ ನೀರಿಗೆ ಅಡ್ಡಿಯಾಗದಂತೆ ಅವರನ್ನೂ ಕೇಳಬೇಕು. ಮರ ಕಡಿಯುವ ಸಂದರ್ಭ ಬಂದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯಬಾರದು. ಗದ್ದೆಯ ಅಂಚಿನಲ್ಲಿ ಈಗಾಗಲೇ ಇರುವ ನೇರಳೆ, ಹೊನ್ನೆಯಂಥ ಮರಗಳನ್ನು ಮುಟ್ಟುವ ಅಗತ್ಯವೂ ಇಲ್ಲ.

ಬೇಕಾಗುವ ಸಲಕರಣೆಗಳು ಹೆಚ್ಚಿನ ತೋಟದ ಮನೆಗಳಲ್ಲಿ ಇದ್ದೇ ಇರುತ್ತವೆ: ಕತ್ತಿ, ಕುಡುಗೋಲು, ಪಿಕಾಸಿ, ಗುದ್ದಲಿ, ದಪ್ಪ ಕೈಗವಸು, ಗಮ್‌ಬೂಟ್, ಟಾರ್ಪಾಲಿನ್, ಗೋಣಿಚೀಲ. ಇವುಗಳ ಜೊತೆಗೆ ಗಿಡಗಳ ಗುರುತಿಗೆ ಬಣ್ಣದ ಪಟ್ಟಿ, ಹಳೆಯ ದಿನಪತ್ರಿಕೆಗಳು, ಒಂದು ಭೂತಗನ್ನಡಿ ಮತ್ತು ಪ್ರತಿ ಬದಿ 1 ಮೀಟರ್ ಇರುವ ಬಿದಿರಿನ ಚೌಕಟ್ಟು ಬೇಕು. ವೀಡ್ ಕಟ್ಟರ್ ಆರನೆಯ ಹಂತದವರೆಗೆ ಕೊಟ್ಟಿಗೆಯಲ್ಲೇ ಇರಲಿ. ಆರಂಭದಲ್ಲೇ ಅದನ್ನು ಹೊರತೆಗೆದವರು ಗೆದ್ದದ್ದು ಅಪರೂಪ. ಏಕೆಂಬುದು ಮೂರನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 1: ಗದ್ದೆಯಲ್ಲಿ ಏನಿದೆ ಎಂದು ನೋಡುವುದು (ಸೆಪ್ಟೆಂಬರ್–ಅಕ್ಟೋಬರ್)

ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಮುಗಿದ ಮೇಲಿನಿಂದ ಕಾವೇರಿ ಸಂಕ್ರಮಣದವರೆಗಿನ ಅವಧಿ ಈ ಕೆಲಸಕ್ಕೆ ತಕ್ಕದ್ದು. ಮಳೆ ಇಳಿಮುಖವಾಗಿರುತ್ತದೆ ಮತ್ತು ಹೆಚ್ಚಿನ ಬಹುವಾರ್ಷಿಕ ಹುಲ್ಲುಗಳು ತೆನೆ ಹಾಯುತ್ತವೆ. ತೆನೆಯಿಲ್ಲದ ಹುಲ್ಲನ್ನು ಗುರುತಿಸುವುದು ಅನುಭವಿಗಳಿಗೂ ಕಷ್ಟ. ಬೇಸಿಗೆಯಲ್ಲಿ ಗದ್ದೆ ನೋಡಿ “ಇಲ್ಲಿ ಹುಲ್ಲೇ ಇಲ್ಲ” ಎಂದು ತೀರ್ಮಾನಿಸುವುದು ಮೊದಲ ಸಾಮಾನ್ಯ ತಪ್ಪು.

ಗದ್ದೆಯನ್ನು ಒಂದೇ ನೆಲವೆಂದು ಎಣಿಸಬಾರದು. ತೋಡಿನ (ಸಣ್ಣ ಹಳ್ಳದ) ಪಕ್ಕದ ಜೌಗು, ನಡುವಿನ ಸಮತಟ್ಟು, ಬದುಗಳು ಮತ್ತು ಬಾಣೆಯ ಕಡೆಗಿನ ಇಳಿಜಾರು, ಹೀಗೆ ಕನಿಷ್ಠ ನಾಲ್ಕು ಬಗೆಯ ನೆಲ ಅದರಲ್ಲಿರುತ್ತದೆ. ಪ್ರತಿಯೊಂದರಲ್ಲೂ ನಡೆದು, ತೆನೆ ಮತ್ತು ಬುಡ ಎರಡೂ ಇರುವಂತೆ ಮಾದರಿಗಳನ್ನು ಕಿತ್ತು, ಜಾಗ ಮತ್ತು ತಿಂಗಳು ಬರೆದು ದಿನಪತ್ರಿಕೆಯ ನಡುವೆ ಒತ್ತಿ ಇಡಬೇಕು. ಹೆಸರು ತಿಳಿಯದವನ್ನು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದವರಿಗೆ ಅಥವಾ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಬಹುದು. ದನ ಮೇಯಿಸಿ ಬದುಕಿದ ಊರಿನ ಹಿರಿಯರೂ ಗದ್ದೆಯ ಕೆಲಸದಲ್ಲಿ ಪಳಗಿದ ಎರವ, ಕುರುಬ ಸಮುದಾಯದ ಹಿರಿಯರೂ ಯಾವ ಹುಲ್ಲು ಎಲ್ಲಿ ಬರುತ್ತಿತ್ತು ಎಂದು ಹೇಳಬಲ್ಲರು. ಅವರನ್ನು ಕೇಳದೆ ಹೋಗುವುದು ನಷ್ಟ.

ಜೌಗಿನಲ್ಲಿ ಜೊಂಡು, ಜೇಕು, ಲೀರ್ಸಿಯಾದಂಥ ಹುಲ್ಲುಗಳಿದ್ದರೆ ಅವು ಕಳೆಯಲ್ಲ. ಕಪ್ಪೆಗಳಿಗೂ ಹಕ್ಕಿಗಳಿಗೂ ಅದೇ ಆಸರೆ. ಬದು ಮತ್ತು ಒಣ ಇಳಿಜಾರಿನಲ್ಲಿ ಥೆಮೆಡಾ, ಇಶ್ಚೀಮಮ್, ಅರುಂಡಿನೆಲ್ಲಾ, ಸಿಂಬೊಪೋಗನ್, ಗರಿಕೆ ಸಿಗಬಹುದು. ಕುಶಾಲನಗರದ ಕಡೆಯ ಒಣ ನೆಲದಲ್ಲಿ ಹೆಟೆರೊಪೋಗನ್ ಸಹ. ಇವುಗಳ ಗುಂಪುಗಳಿಗೆ ಬಣ್ಣದ ಪಟ್ಟಿ ಕಟ್ಟಿ, ಮುಂದೆ ಕೆಲಸಕ್ಕೆ ಬರುವವರು ತಪ್ಪಿ ಕಡಿಯದಂತೆ ನೋಡಿಕೊಳ್ಳಬೇಕು.

ಹುಲ್ಲಾಗಿದ್ದೂ ಹೊರಗಿನವು ಎಂಬವನ್ನು ಬೇರೆ ಪಟ್ಟಿ ಮಾಡಿರಿ. ತೆನೆಯು ಕಾಂಡದ ತುದಿಯಲ್ಲಿ ಎರಡು ತೆಳುವಾದ ಕವಲಾಗಿ ಚಾಚಿಕೊಂಡು, ಅದರ ಮೇಲೆ ಚಪ್ಪಟೆಯಾದ ಸಣ್ಣ ಕಾಳುಗಳು ಸಾಲಾಗಿ ಅಂಟಿದ್ದರೆ, ಮತ್ತು ಹುಲ್ಲು ನೆಲದ ಮೇಲೆ ಹರಡಿ ಗಿಣ್ಣಿನಲ್ಲಿ ಬೇರು ಬಿಡುತ್ತಿದ್ದರೆ, ಅದು ಅಮೆರಿಕ ಮೂಲದ ಪಾಸ್ಪಲಂ ಕಾಂಜುಗೇಟಂ ಆಗಿರುವ ಸಾಧ್ಯತೆ ಹೆಚ್ಚು. ಮನೆಯಂಗಳದಲ್ಲಿ ಹಾಸುವ ಅಗಲ ಎಲೆಯ ಕಾರ್ಪೆಟ್ ಹುಲ್ಲು, ಮೇವಿಗೆಂದು ತಂದ ಗಿನಿ ಹುಲ್ಲು, ನೇಪಿಯರ್, ಜೌಗಿಗೆ ಹಬ್ಬುವ ಪ್ಯಾರಾ ಹುಲ್ಲು ಇವೂ ಹೊರಗಿನವೇ. ಗಿನಿ ಹುಲ್ಲಿನ ಒಂದು ಬುಡ ಕಂಡರೂ ಆ ದಿನವೇ ಅಗೆದು ತೆಗೆಯುವುದು ಒಳ್ಳೆಯದು.

ಹಂತ 2: ನೀರು ಮತ್ತು ಬದು (ನವೆಂಬರ್–ಡಿಸೆಂಬರ್)

ಹಳೆಯ ಗದ್ದೆಯ ಬದು ಒಡೆದಿದ್ದರೆ ನೀರು ಒಂದೇ ಕಡೆ ಕೊರೆದುಕೊಂಡು ಹರಿದು, ಮೇಲ್ಮಣ್ಣನ್ನು ತೋಡಿಗೆ ಸೇರಿಸುತ್ತದೆ. ಒಡೆದ ಜಾಗಗಳನ್ನು ಅಲ್ಲಿಯದೇ ಮಣ್ಣು ಮತ್ತು ಹುಲ್ಲುಹೆಂಟೆಯಿಂದ ಮುಚ್ಚಿ, ನೀರು ಹೊರಹೋಗುವ ಬಾಯಿಯನ್ನು ಕಲ್ಲು ಜೋಡಿಸಿ ಭದ್ರಪಡಿಸಬೇಕು. ಸಡಿಲವಾದ ಬದುವಿನಲ್ಲಿ ಲಾವಂಚದ ಸಾಲು ಹಿಡಿದರೆ ಮಣ್ಣು ನಿಲ್ಲುತ್ತದೆ.

ಜೌಗನ್ನು ಒಣಗಿಸಲು ಕಾಲುವೆ ತೋಡಬಾರದು. ಹಾಗೆಯೇ ಹೊಸದಾಗಿ ಕೆರೆ ತೋಡಿಸಲೂಬಾರದು. ಬೇಸಿಗೆಯಲ್ಲಿ ನೀರು ನಿಲ್ಲುವ ಹೊಸ ಕೆರೆ ಆನೆಗಳನ್ನು ಮನೆ ಬಾಗಿಲಿಗೆ ಕರೆತರುತ್ತದೆ.

ಹಂತ 3: ಹೊರಗಿನ ಗಿಡಗಳನ್ನು ತೆಗೆಯುವುದು

ಸೋಲು ಗೆಲುವು ನಿರ್ಧಾರವಾಗುವುದು ಈ ಹಂತದಲ್ಲಿ. ಇಲ್ಲಿನ ನಿಯಮ ಒಂದೇ: ಪ್ರತಿಯೊಂದು ಗಿಡವನ್ನೂ ಅದು ಹೂ ಬಿಡುವ ಮೊದಲು, ಅದರ ಬೇರಿನ ಸ್ವಭಾವಕ್ಕೆ ತಕ್ಕಂತೆ ತೆಗೆಯಬೇಕು. ಎಲ್ಲವನ್ನೂ ಒಂದೇ ದಿನ ಒಂದೇ ರೀತಿಯಲ್ಲಿ ಸವರಿಬಿಡುವುದು ಗದ್ದೆಯನ್ನು ಮತ್ತೆ ಅವುಗಳಿಗೇ ಒಪ್ಪಿಸಿದಂತೆ. ಇಲ್ಲಿ ಹೇಳಿದ ತಿಂಗಳುಗಳು ಹಂತ 1 ಮತ್ತು 2ರ ತಿಂಗಳುಗಳೊಂದಿಗೆ ಹೊಂದಿಕೊಂಡೇ ಸಾಗುತ್ತವೆ. ಗುರುತು ಹಾಕಿ ಮುಗಿಸಿದ ಭಾಗದಲ್ಲಿ ಕೀಳುವ ಕೆಲಸ ಆರಂಭಿಸಬಹುದು.

ಕಮ್ಯುನಿಸ್ಟ್ ಗಿಡ ಎಂದು ನಮ್ಮಲ್ಲಿ ಕರೆಯುವ ಕ್ರೊಮೊಲೀನಾ ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ಹೂ ಬಿಡತೊಡಗುತ್ತದೆ. ಜನವರಿಯ ನಂತರ ಅದರ ಬೀಜ ಗಾಳಿಯಲ್ಲಿ ಹಾರುತ್ತದೆ. ಆದ್ದರಿಂದ ಮಣ್ಣು ಇನ್ನೂ ಮೆತ್ತಗಿರುವ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಅಂತ್ಯದೊಳಗೆ ಇದನ್ನು ಬುಡಸಮೇತ ಕೀಳಬೇಕು. ಕತ್ತಿಯಿಂದ ಸವರಿದರೆ ಬುಡದಿಂದ ಹಲವು ಚಿಗುರು ಬಂದು ಪೊದೆ ಮೊದಲಿಗಿಂತ ದಟ್ಟವಾಗುತ್ತದೆ. ಪೊದೆಯಲ್ಲಿ ಗೂಡು ಕಂಡರೆ ಆ ಒಂದು ಪೊದೆಯನ್ನು ಮರಿ ಹಾರುವವರೆಗೆ ಬಿಟ್ಟು ಮುಂದುವರಿಯಬಹುದು, ಆದರೆ ಹೂ ಬಿಡುವ ಮೊದಲು ಮರಳಿ ಬರಲು ಮರೆಯಬಾರದು.

ಲಂಟಾನಕ್ಕೆ ಬೇರೆ ವಿಧಾನವಿದೆ. ಅದರ ಚಿಗುರು ಹೊರಡುವುದು ಕಾಂಡ ಮತ್ತು ಬೇರು ಕೂಡುವ ಗಂಟಿನಿಂದ. ಆ ಗಂಟಿನ ಕೆಳಗೆ, ಎಂದರೆ ನೆಲಮಟ್ಟದಿಂದ ಸುಮಾರು 3ರಿಂದ 5 ಸೆಂಟಿಮೀಟರ್ ಆಳದಲ್ಲಿ, ತಾಯಿಬೇರನ್ನು ಪಿಕಾಸಿಯಿಂದ ಕತ್ತರಿಸಬೇಕು. ಕೆಲಸದವರು ಪೊದೆಯ ಕಡೆಗೆ ಬೆನ್ನು ಮಾಡಿ ನಿಂತು, ಬುಡವು ತಮ್ಮ ಕಾಲುಗಳ ನಡುವೆ ಬರುವಂತೆ ಬಗ್ಗಿ ಹೊಡೆದರೆ ಮುಳ್ಳು ತಾಗುವುದು ಕಡಿಮೆ. ಕತ್ತರಿಸಿದ ಪೊದೆಯನ್ನು ಎತ್ತಿ ಬೇರು ಮೇಲಾಗಿ, ತಲೆ ಕೆಳಗಾಗಿ ಇಟ್ಟು ಒಣಗಿಸಬೇಕು. ಮಗುಚದೆ ಎಸೆದರೆ ಒದ್ದೆ ನೆಲ ತಾಗಿದ ಕಾಂಡ ಮತ್ತೆ ಬೇರು ಬಿಡುತ್ತದೆ. ಇದರ ಸೊಪ್ಪು ದನಗಳಿಗೆ ವಿಷ, ಹಾಗಾಗಿ ರಾಶಿಯನ್ನು ದನ ಮುಟ್ಟದ ಕಡೆ ಹಾಕಬೇಕು. ಪಿಕಳಾರದಂಥ ಹಕ್ಕಿಗಳು ಹಣ್ಣು ತಿಂದು ಮರದ ಮೇಲೆ ಕೂತು ಬೀಜ ಉದುರಿಸುವುದರಿಂದ, ಅಂಚಿನ ಮರಗಳ ಬುಡದಲ್ಲಿ ಮುಂದಿನ ಮಳೆಗಾಲದಲ್ಲಿ ಸಣ್ಣ ಸಸಿಗಳನ್ನು ಹುಡುಕಿ ಕೀಳುವುದು ಈ ಕೆಲಸದ ಎರಡನೆಯ ಅರ್ಧ. ಅದನ್ನು ಬಿಟ್ಟವರಿಗೆ ಮೊದಲ ಅರ್ಧದ ಫಲವೂ ಸಿಗುವುದಿಲ್ಲ.

ಮಿಕಾನಿಯಾ ಬಳ್ಳಿಯ ವಿಷಯದಲ್ಲಿ ವೀಡ್ ಕಟ್ಟರ್ ನೇರವಾಗಿ ಹಾನಿ ಮಾಡುತ್ತದೆ. ಆ ಬಳ್ಳಿಯ ಪ್ರತಿ ಗಿಣ್ಣೂ ಒದ್ದೆ ಮಣ್ಣಿನಲ್ಲಿ ಬೇರು ಬಿಡಬಲ್ಲದು. ಯಂತ್ರ ಅದನ್ನು ನೂರಾರು ತುಂಡು ಮಾಡಿ ಗದ್ದೆ ತುಂಬ ನೆಟ್ಟುಬಿಡುತ್ತದೆ. ಇದನ್ನು ಕೈಯಿಂದಲೇ ಚಾಪೆಯಂತೆ ಸುತ್ತಿಕೊಂಡು, ನೆಲಕ್ಕಿಳಿದ ಬೇರುಗಳನ್ನು ಒಂದೊಂದಾಗಿ ಬಿಡಿಸಿ, ಟಾರ್ಪಾಲಿನ್ ಮೇಲೆ ಪೂರ್ತಿ ಒಣಗುವವರೆಗೆ ಹರಡಬೇಕು. ಕಿತ್ತದ್ದನ್ನು ತೋಡಿಗೆ ಎಸೆದರೆ ಕೆಳಗಿನ ಗದ್ದೆಗಳಿಗೆಲ್ಲ ಅದನ್ನು ಹಂಚಿದಂತಾಗುತ್ತದೆ.

ಬಳ್ಳಿಯಂತೆ ಹಬ್ಬುವ ಮುಳ್ಳಿನ ದೊಡ್ಡ ಮಿಮೋಸಾವನ್ನು ಜೂನ್–ಜುಲೈಯಲ್ಲಿ ಗೇಣುದ್ದ ಇರುವಾಗಲೇ ಕೀಳುವುದು ಸುಲಭ. ಬಲಿತ ಮೇಲೆ ಕೈಗವಸೂ ಸಾಲದು. ಅದರ ಬೀಜ ಮಣ್ಣಿನಲ್ಲಿ ಹಲವು ವರ್ಷ ಉಳಿಯುವುದರಿಂದ ಪ್ರತಿ ಮಳೆಗಾಲದಲ್ಲೂ ಹುಡುಕಬೇಕಾಗುತ್ತದೆ. ಕಾಂಗ್ರೆಸ್ ಗಿಡವನ್ನು ಹೂವಿಗೆ ಮೊದಲು, ಕೈಗವಸು ಹಾಕಿಕೊಂಡೇ ಕೀಳಬೇಕು. ಅದರ ಸ್ಪರ್ಶದಿಂದ ಹಲವರಿಗೆ ಚರ್ಮ ಉರಿಯುತ್ತದೆ.

ಕಳೆನಾಶಕ ಸಿಂಪಡಿಸಿ ಬೇಗ ಮುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಗ್ಲೈಫೋಸೇಟ್‌ನಂಥವು ನಾವು ಉಳಿಸಬೇಕೆಂದಿರುವ ಹುಲ್ಲನ್ನೂ ಸುಡುತ್ತವೆ, ಮತ್ತು ಗದ್ದೆಯ ನೀರೆಲ್ಲ ಕೊನೆಗೆ ತೋಡಿಗೇ ಹೋಗುತ್ತದೆ. ಈ ಕೆಲಸದಲ್ಲಿ ಅದಕ್ಕೆ ಜಾಗವಿಲ್ಲವೆಂದೇ ನನ್ನ ಅಭಿಪ್ರಾಯ.

ಇಳಿಜಾರಿನಲ್ಲಿ ಮಾತ್ರ ಎಲ್ಲವನ್ನೂ ಒಂದೇ ವರ್ಷದಲ್ಲಿ ತೆಗೆಯಬಾರದು. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲೂಕುಗಳಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡ ಜಿಲ್ಲೆಯಲ್ಲಿ, ಬೇರುಗಳನ್ನೆಲ್ಲ ಕಿತ್ತು ಬರಿದು ಮಾಡಿದ ಇಳಿಜಾರನ್ನು ಮಳೆಗೆ ಒಡ್ಡುವುದು ಅಪಾಯದ ಮಾತು. ಅಡ್ಡಕ್ಕೆ ಪಟ್ಟಿಗಳಾಗಿ ವಿಂಗಡಿಸಿ, ಒಂದು ಪಟ್ಟಿ ತೆಗೆದು ಒಂದು ಬಿಟ್ಟು, ತೆಗೆದ ಪಟ್ಟಿಯಲ್ಲಿ ಹುಲ್ಲು ಹಿಡಿದ ಮೇಲೆ ಉಳಿದದ್ದಕ್ಕೆ ಕೈ ಹಾಕಬೇಕು.

ಹಂತ 4: ಒಂದು ಮಳೆಗಾಲ ಕಾಯುವುದು

ಕಿತ್ತ ಜಾಗ ಬೋಳಾಗಿ ಕಾಣುತ್ತದೆ, ಏನಾದರೂ ಮಾಡಲೇಬೇಕೆಂಬ ಚಡಪಡಿಕೆ ಆರಂಭವಾಗುತ್ತದೆ. ಇಲ್ಲಿ ಉಳುವುದು, ಗೊಬ್ಬರ ಹಾಕುವುದು, ಸುಣ್ಣ ಎರಚುವುದು ಮೂರೂ ತಪ್ಪು. ಉಳುಮೆ ಮಾಡಿದರೆ ಮಣ್ಣಿನೊಳಗೆ ಹುದುಗಿದ್ದ ಕಳೆಬೀಜ ಬೆಳಕಿಗೆ ಬಂದು ಮೊಳೆಯುತ್ತದೆ. ಗೊಬ್ಬರ ಹಾಕಿದರೆ ಅದರ ಲಾಭವನ್ನು ವೇಗವಾಗಿ ಬೆಳೆಯುವ ಹೊರಗಿನ ಗಿಡಗಳೇ ಪಡೆಯುತ್ತವೆ. ನಮ್ಮ ಬಹುವಾರ್ಷಿಕ ಹುಲ್ಲುಗಳು ಬಡ ಮಣ್ಣಿನಲ್ಲಿ ನಿಲ್ಲಬಲ್ಲವು.

ಹೂಮಳೆ (ಕಾಫಿ ಹೂ ಅರಳಿಸುವ ಮಾರ್ಚ್–ಏಪ್ರಿಲ್‌ನ ಮಳೆ) ಬಿದ್ದ ಮೇಲೆ ಮತ್ತು ಜೂನ್ ಮೊದಲ ವಾರಗಳಲ್ಲಿ ಬರುವ ಸಸಿಗಳನ್ನು ನೋಡಿ, ಹೊರಗಿನವನ್ನು ಎರಡು ಬೆರಳಲ್ಲಿ ಕೀಳುವುದಷ್ಟೇ ಈ ಹಂತದ ಕೆಲಸ. ಕಕ್ಕಡ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಕಳೆಯುವ ಹೊತ್ತಿಗೆ ಬದುವಿನ ಹುಲ್ಲು ತಾನಾಗಿ ಕೆಳಗಿಳಿದಿರುವುದು ಹಲವು ಗದ್ದೆಗಳಲ್ಲಿ ಕಾಣುತ್ತದೆ.

ಹಂತ 5: ತೆರಪು ತುಂಬುವುದು (ಎರಡನೆಯ ಜೂನ್‌ನಲ್ಲಿ, ಅಗತ್ಯವಿದ್ದರೆ ಮಾತ್ರ)

ಒಂದು ಮಳೆಗಾಲ ಕಳೆದರೂ ಚಾಪೆ ಹಾಸುವಷ್ಟು ಅಗಲದ ಬೋಳು ಜಾಗಗಳು ಉಳಿದಿದ್ದರೆ ಆಗ ಮಾತ್ರ ನೆಡಬೇಕು. ಬೀಜ, ಬುಡ ಎರಡನ್ನೂ ಅದೇ ಗದ್ದೆಯ ಬದುವಿನಿಂದ ಅಥವಾ ಹತ್ತಿರದ ಸ್ವಂತ ಬಾಣೆಯಿಂದ ತೆಗೆಯಬೇಕು. ಅಭಯಾರಣ್ಯ ಅಥವಾ ಮೀಸಲು ಅರಣ್ಯದಿಂದ ತರಬಾರದು.

ಬುಡ ಸೀಳಿ ನೆಡುವುದು ಹೆಚ್ಚು ಭರವಸೆಯ ದಾರಿ. ಬಲಿತ ಗುಂಪಿನ ಕಾಲು ಭಾಗವನ್ನಷ್ಟೇ ಗುದ್ದಲಿಯಿಂದ ತೆಗೆದು, ಪ್ರತಿ ತುಂಡಿನಲ್ಲಿ 3–4 ಕವಲು ಇರುವಂತೆ ಬಿಡಿಸಿ, ಎಲೆಗಳನ್ನು ಅರ್ಧ ಅಡಿಗೆ ಕತ್ತರಿಸಿ, ಒಂದೂವರೆ ಅಡಿ ಅಂತರದಲ್ಲಿ ನೆಡಬೇಕು. ಭಾಗಮಂಡಲ, ನಾಪೋಕ್ಲು ಕಡೆ ಮಳೆ ಹಿಡಿದ ಕೂಡಲೇ ನೆಟ್ಟು ಬೇರೂರಲು ಸಮಯ ಕೊಡಬೇಕು, ತಡವಾದರೆ ಜುಲೈಯ ನೀರು ಕೊಚ್ಚಿಕೊಂಡು ಹೋಗುತ್ತದೆ. ಕುಶಾಲನಗರದ ಕಡೆ ಮಳೆ ನೆಲೆ ನಿಲ್ಲುವವರೆಗೆ ಕಾಯಬಹುದು.

ಬೀಜವಾದರೆ ತೆನೆ ಒಣಗಿ, ಕೈಯಿಂದ ಸವರಿದರೆ ಉದುರುವ ಹಂತದಲ್ಲಿ ಸಂಗ್ರಹಿಸಿ, ಬಟ್ಟೆಚೀಲದಲ್ಲಿ ಬೆಚ್ಚಗಿನ ಒಣ ಜಾಗದಲ್ಲಿ ತೂಗುಹಾಕಬೇಕು. ಥೆಮೆಡಾ, ಹೆಟೆರೊಪೋಗನ್‌ಗಳ ಹೊಸ ಬೀಜ ಕೆಲವು ತಿಂಗಳು ಸುಪ್ತವಾಗಿರುತ್ತದೆ, ಆದ್ದರಿಂದ ಕೊಯ್ದ ಕೂಡಲೇ ಬಿತ್ತಿ ಮೊಳೆಯಲಿಲ್ಲವೆಂದು ಕೈಬಿಡಬಾರದು. ಈ ಬೀಜವೊಂದನ್ನು ಅಂಗೈಯಲ್ಲಿಟ್ಟು ಒಂದು ಹನಿ ನೀರು ಹಾಕಿ ನೋಡಬೇಕು: ತಿರುಚಿಕೊಂಡ ಕಂದು ಬಣ್ಣದ ಉದ್ದ ಬಾಲ ನಿಧಾನವಾಗಿ ಬಿಚ್ಚಿಕೊಳ್ಳುತ್ತ ಸುತ್ತು ಹಾಕುತ್ತದೆ. ನೆಲದ ಮೇಲೆ ಒದ್ದೆಯಾಗಿ ಒಣಗುವ ಪ್ರತಿ ಸಲವೂ ಹೀಗೆ ತಿರುಗುತ್ತಲೇ ಬೀಜದ ಚೂಪು ತುದಿ ಮಣ್ಣಿನೊಳಗೆ ಇಳಿಯುತ್ತದೆ. ಆದ್ದರಿಂದ ಬೀಜಕ್ಕೆ ಹದವಾಗಿ ಕೆದರಿದ ಮೇಲ್ಮೈ ಸಾಕು. ಬಾಲವನ್ನು ಉಜ್ಜಿ ತೆಗೆದು “ಸ್ವಚ್ಛ” ಮಾಡಿದ ಬೀಜ ತಾನಾಗಿ ಮಣ್ಣು ಸೇರುವ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ.

ಗಿಡ ನೆಡುವ ಕಾರ್ಯಕ್ರಮಕ್ಕೆ ಈ ಜಾಗವನ್ನು ಕೊಡಬಾರದು. ಸಿಲ್ವರ್ ಓಕ್ ಆಗಲಿ ಅಕೇಶಿಯಾ ಆಗಲಿ, ನೆರಳು ಕವಿದ ಮೇಲೆ ಹುಲ್ಲು ಉಳಿಯುವುದಿಲ್ಲ.

ಹಂತ 6: ಸರದಿಯಲ್ಲಿ ಕೊಯ್ಯುವುದು (ಜನವರಿ)

ಹುಲ್ಲು ಹಿಡಿದ ಮೇಲೆ ಅದನ್ನು ಹಾಗೆಯೇ ಬಿಟ್ಟರೆ ಹಳೆಯ ಒಣ ಗರಿ ಬುಡವನ್ನು ಮುಚ್ಚಿ, ಹೊಸ ಚಿಗುರಿಗೆ ಬೆಳಕು ತಪ್ಪಿ, ಪೊದೆಗಳು ಮರಳುತ್ತವೆ. ಪ್ರತಿ ವರ್ಷ ಪೂರ್ತಿ ಕೊಯ್ದರೆ ಮೊಲಕ್ಕೂ ಬುರ್ಲಿ ಹಕ್ಕಿಗೂ ಅಡಗಲು ಜಾಗವಿಲ್ಲ. ಹುಲ್ಲಿನ ಮೇಲೆಯೇ ಬೆಳೆಯುವ ಕಂದು ಚಿಟ್ಟೆಗಳ ಹುಳುಗಳೂ ನಾಶವಾಗುತ್ತವೆ. ಆದ್ದರಿಂದ ಗದ್ದೆಯನ್ನು 3 ಪಾಲು ಮಾಡಿ ವರ್ಷಕ್ಕೆ ಒಂದು ಪಾಲನ್ನು ಕೊಯ್ಯಬೇಕು.

ಜೂನ್‌ನಿಂದ ನವೆಂಬರ್‌ವರೆಗೆ, ಹಂತ 7ರಲ್ಲಿ ಹೇಳುವ ಮನೆ ಮತ್ತು ದಾರಿಗಳ ಪಕ್ಕದ ಪಟ್ಟಿಗಳನ್ನು ಬಿಟ್ಟು, ಹುಲ್ಲಿಗೆ ಕುಡುಗೋಲು ತಾಗಬಾರದು. ಆ ಅವಧಿಯಲ್ಲಿ ರಾಟವಾಳ, ಉಲಿಯಕ್ಕಿಗಳು ಹುಲ್ಲಿನ ನಡುವೆ ಗೂಡು ಕಟ್ಟುತ್ತವೆ, ಕೊನೆಯಲ್ಲಿ ಹುಲ್ಲು ಬೀಜ ಕಟ್ಟುತ್ತದೆ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದು ತೆನೆ ಉದುರಿದ ಮೇಲೆ, ಜನವರಿಯಲ್ಲಿ ಕೊಯ್ಯುವುದು ಸರಿಯಾದ ಸಮಯ. ಈ ಹಂತದಲ್ಲಿ ವೀಡ್ ಕಟ್ಟರ್ ಬಳಸಬಹುದು, ಆದರೆ ಮಿಕಾನಿಯಾ ಇಲ್ಲವೆಂದು ಮೊದಲು ನಡೆದು ಖಚಿತಪಡಿಸಿಕೊಳ್ಳಬೇಕು. ನೆಲದಿಂದ ಅರ್ಧ ಅಡಿ ಬಿಟ್ಟು ಕೊಯ್ಯಬೇಕು. ನೆಲಮಟ್ಟಕ್ಕೆ ಬೋಳಿಸಿದರೆ ಗುಂಪಾಗಿ ಬೆಳೆಯುವ ಹುಲ್ಲು ಸೊರಗಿ, ನೆಲಕ್ಕೆ ಹಬ್ಬುವ ಪಾಸ್ಪಲಂಗೆ ದಾರಿಯಾಗುತ್ತದೆ. ಕೆಲಸವನ್ನು ನಡುವಿನಿಂದ ಆರಂಭಿಸಿ ಹೊರಕ್ಕೆ ಸಾಗಿದರೆ ಒಳಗಿರುವ ಪ್ರಾಣಿಗಳಿಗೆ ಓಡಲು ದಾರಿ ಸಿಗುತ್ತದೆ. ಸುತ್ತಲಿನಿಂದ ಒಳಕ್ಕೆ ಕೊಯ್ಯುತ್ತ ಹೋದರೆ ಅವು ಕೊನೆಯ ತುಂಡಿನಲ್ಲಿ ಸಿಕ್ಕಿಕೊಳ್ಳುತ್ತವೆ.

ಕೊಯ್ದ ಹುಲ್ಲನ್ನು ಅಲ್ಲೇ ದಪ್ಪಗೆ ಬಿಡದೆ ಹೊರಕ್ಕೆ ಸಾಗಿಸಬೇಕು. ಕೊಟ್ಟಿಗೆಗೆ ಅಥವಾ ಕಾಫಿ ಗಿಡಗಳ ಬುಡಕ್ಕೆ ಅದು ಒಳ್ಳೆಯ ಹೊದಿಕೆ.

ಹಂತ 7: ಬೆಂಕಿ, ಆನೆ, ದನ, ಉರುಳು

ಹುಲ್ಲಿಗೆ ಬೆಂಕಿ ಹಾಕಿದರೆ ಹೊಸ ಚಿಗುರು ಬರುತ್ತದೆ ಎಂಬುದು ಸುಳ್ಳಲ್ಲ, ಆದರೆ ಅದರ ಲಾಭ ಮೊದಲು ಸಿಗುವುದು ನೆಲದಡಿಯ ಕಾಂಡದಿಂದ ಚಿಗುರುವ ದರ್ಭೆಗೆ. ಪದೇ ಪದೇ ಸುಟ್ಟ ಜಾಗದಲ್ಲಿ ಅದೊಂದೇ ಉಳಿದು ಬೇರೆ ಹುಲ್ಲುಗಳು ಕಾಣೆಯಾಗುತ್ತವೆ. ಫೆಬ್ರವರಿಯಿಂದ ಹೂಮಳೆಯವರೆಗಿನ ಒಣಗಾಲದಲ್ಲಿ ಕಿಡಿಯೊಂದು ತೋಟಕ್ಕೂ ಕಾಡಿಗೂ ಹಬ್ಬಬಹುದು. ಜನವರಿಯ ಕೊಯ್ಲಿನ ಜೊತೆಗೇ ಗದ್ದೆಯ ಸುತ್ತ 10–15 ಅಡಿ ಅಗಲದ ಪಟ್ಟಿಯನ್ನು ಕೊಯ್ದು, ಒಣ ಹುಲ್ಲನ್ನು ಗುಡಿಸಿ ಇಡಬೇಕು.

ಲೈನ್ ಮನೆ (ತೋಟದ ಕಾರ್ಮಿಕರ ವಸತಿ), ಕಾಲುದಾರಿ, ಶಾಲಾ ಮಕ್ಕಳು ನಡೆಯುವ ದಾರಿ ಇವುಗಳ ಪಕ್ಕದಲ್ಲಿ ಎತ್ತರದ ಹುಲ್ಲು ಇರಲೇಬಾರದು. ಎರಡೂ ಬದಿಗೆ 30 ಅಡಿ ವರ್ಷವಿಡೀ ಕುಳ್ಳಗಿರಿಸಬೇಕು. ಆನೆ, ಕಾಟಿ ಅಥವಾ ಹುಲಿ ಹುಲ್ಲಿನಲ್ಲಿರುವುದು ಹತ್ತು ಹೆಜ್ಜೆ ದೂರದವರೆಗೂ ತಿಳಿಯದ ಸ್ಥಿತಿಯನ್ನು ನಾವೇ ನಿರ್ಮಿಸುವುದು ಅಲ್ಲಿ ದುಡಿಯುವವರಿಗೆ ಮಾಡುವ ಅನ್ಯಾಯ. ಹಲಸು, ಬಾಳೆ ನೆಡಬಾರದು. ಹೆಜ್ಜೆ ಅಥವಾ ಲದ್ದಿ ಕಂಡ ದಿನ ಕೆಲಸ ನಿಲ್ಲಿಸಿ ಅರಣ್ಯ ಇಲಾಖೆಗೆ ತಿಳಿಸಬೇಕು. ಕೊಳಕುಮಂಡಲದ ಭಯ ಇದ್ದೇ ಇರುವುದರಿಂದ ಗಮ್‌ಬೂಟ್ ಇಲ್ಲದೆ ಯಾರನ್ನೂ ಹುಲ್ಲಿಗೆ ಇಳಿಸಬಾರದು, ಒಣಗಿಸಿದ ಲಂಟಾನದ ರಾಶಿಗೆ ನೇರವಾಗಿ ಕೈ ಹಾಕಬಾರದು.

ದನಗಳನ್ನು ಮೊದಲ 2 ವರ್ಷ ಪೂರ್ತಿ ಹೊರಗಿಟ್ಟು, ಆಮೇಲೆ ಕೊಯ್ದ ಪಾಲಿನಲ್ಲಿ ಸ್ವಲ್ಪ ಕಾಲ ಬಿಡಬಹುದು. ಬೇರೆ ಕಡೆ ಮೇದ ದನದ ಸಗಣಿಯಲ್ಲಿ ಕಳೆಬೀಜ ಬರುತ್ತದೆ ಎಂಬುದು ನೆನಪಿರಲಿ. ಬೇಲಿಯ ಸಂದು, ಪ್ರಾಣಿ ನಡೆಯುವ ಜಾಡು, ತೋಡಿನ ದಂಡೆಗಳಲ್ಲಿ ಉರುಳು ಹಾಕಿದ್ದಾರೆಯೇ ಎಂದು ಆಗಾಗ ನಡೆದು ನೋಡಬೇಕು. ಪ್ರಾಣಿಗಳನ್ನು ಕರೆದು ಉರುಳಿಗೆ ಒಪ್ಪಿಸಿದಂತಾಗಬಾರದು.

ಹಂತ 8: ದಾಖಲೆ ಮತ್ತು ಅಪಾಯದ ಸೂಚನೆಗಳು

ಪ್ರತಿ ಅಕ್ಟೋಬರ್‌ನಲ್ಲಿ ಗೂಟ ನೆಟ್ಟು ಗುರುತಿಸಿದ ಒಂದೇ ಸ್ಥಳದಿಂದ ಚಿತ್ರ ತೆಗೆಯಬೇಕು. ನಾಲ್ಕು ಬಗೆಯ ನೆಲದಲ್ಲೂ ಬಿದಿರಿನ ಚೌಕಟ್ಟನ್ನು ಕೆಲವು ಕಡೆ ಇಟ್ಟು, ಅದರೊಳಗೆ ಸ್ಥಳೀಯ ಹುಲ್ಲು, ಹೊರಗಿನ ಗಿಡ, ಬರಿಯ ಮಣ್ಣು ಎಷ್ಟೆಷ್ಟಿವೆ ಎಂದು ಅಂದಾಜಿನಲ್ಲಿ ಬರೆದಿಡಬೇಕು. ಹಕ್ಕಿ, ಪ್ರಾಣಿಗಳನ್ನು ಕಂಡಂತೆ ಬರೆದರೆ ಸಾಕು.

ಚೌಕಟ್ಟಿನಲ್ಲಿ ದರ್ಭೆಯೊಂದೇ ಹೆಚ್ಚುತ್ತಿದ್ದರೆ ಎಲ್ಲೋ ಬೆಂಕಿ ಬೀಳುತ್ತಿದೆ ಅಥವಾ ಮಣ್ಣು ಕದಡುತ್ತಿದೆ. ಗುಂಪು ಹುಲ್ಲಿನ ನಡುಭಾಗ ಸತ್ತು ಸುತ್ತಲಷ್ಟೇ ಹಸಿರಿದ್ದರೆ ಕೊಯ್ಲು ತಡವಾಗಿದೆ. ಬದುವಿನ ಕೆಳಗೆ ಕೆಂಪು ಕೆಸರು ಹರಡಿದ್ದರೆ ಮೇಲಿನ ಬಾಯಿ ಒಡೆದಿದೆ, ಅದನ್ನು ಮಳೆ ನಿಂತ ಮೊದಲ ಬಿಡುವಿನಲ್ಲೇ ಸರಿಪಡಿಸಬೇಕು. ಕಾವೇರಿಯ ಪ್ರವಾಹ ನುಗ್ಗುವ ತಗ್ಗು ಗದ್ದೆಗಳಲ್ಲಿ ನೀರು ಇಳಿದ ಕೂಡಲೇ ಹೊಸ ಸಸಿಗಳ ತಪಾಸಣೆ ಆಗಬೇಕು. ನೀರಿನೊಂದಿಗೆ ಬೀಜವೂ ಬಳ್ಳಿಯ ತುಂಡುಗಳೂ ಬರುತ್ತವೆ.

ಮೂರನೆಯ ವರ್ಷವೂ ಕಮ್ಯುನಿಸ್ಟ್ ಗಿಡದ ಸಸಿಗಳು ಮೊದಲಿನಷ್ಟೇ ಬರುತ್ತಿದ್ದರೆ ಬೀಜದ ಮೂಲ ಗದ್ದೆಯ ಹೊರಗಿದೆ. ಜನವರಿಯಲ್ಲಿ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ನಡೆದರೆ ರಸ್ತೆಯಂಚಿನಲ್ಲೋ ಪಕ್ಕದ ಪಾಳು ತೋಟದಲ್ಲೋ ಬಿಳಿ ಹೂವಿನ ಪೊದೆಗಳು ಕಾಣುತ್ತವೆ. ಅದರ ಮಾಲೀಕರನ್ನು ಕೇಳಿಕೊಂಡು, ಮುಂದಿನ ಅಕ್ಟೋಬರ್‌ನಲ್ಲಿ ಗಡಿಗೆ ತಾಗಿದ ಪಟ್ಟಿಯನ್ನಾದರೂ ನಿಮ್ಮ ಕೆಲಸದವರಿಂದಲೇ ಕೀಳಿಸಿಕೊಡುವುದಾಗಿ ಹೇಳಿರಿ. ಆ ಖರ್ಚು, ಪ್ರತಿ ವರ್ಷ ಗದ್ದೆಯೊಳಗೆ ಸಸಿ ಹುಡುಕಿ ಕೀಳುವ ಕೂಲಿಗಿಂತ ಕಡಿಮೆಯೇ ಆಗುತ್ತದೆ.